ಪ್ರತಿಕ್ರಿಯೆ: ಒಂದೇ ಮೊಬೈಲ್‌ನಲ್ಲಿ ಗಿಡ-ಹಕ್ಕಿ ಪರಿಚಯ
ಐದನೇ ತರಗತಿಗೆ ಗಿಡ-ಹಕ್ಕಿ ಗುರುತಿಸಲು ಯಾವ ಆ್ಯಪ್ ಅಂತ ಕೇಳಿದ್ದೀರಿ. ಐನ್ಯಾಚುರಲಿಸ್ಟ್ ಬೇಡ, 13 ತುಂಬದವರು ತಾವಾಗಿಯೇ ಖಾತೆ ತೆರೆಯುವಂತಿಲ್ಲ. ಅದೇ ಬಳಗದ ಸೀಕ್ ಹಾಕಿಕೊಳ್ಳಿ, ಖಾತೆಯ ಗೊಡವೆಯೇ ಇಲ್ಲ. ಇಡೀ ಮರಕ್ಕೆ ಕ್ಯಾಮೆರಾ ಹಿಡಿದರೆ ಸೀಕ್ ಎಷ್ಟೋ ಸಲ ಸಸ್ಯ ಕುಟುಂಬದ (ಹತ್ತಿರದ ಗಿಡಗಳ ದೊಡ್ಡ ಗುಂಪಿನ) ಹೆಸರಿಗೇ ನಿಂತುಬಿಡುತ್ತೆ, ಇಂಥದೇ ಮರ ಅಂತ ಹೇಳಲ್ಲ. ಒಂದೇ ಹೂವು ಅಥವಾ ಎಲೆ, ಹಿಂದೆ ಬಿಳಿ ಹಾಳೆ, ಹತ್ತಿರದಿಂದ ನಿಧಾನವಾಗಿ ಕೋನ ಬದಲಿಸಿ. ಹೊಂಗೆಯೋ ಬೇವೋ ಅಂತ ಮಕ್ಕಳು ಮೊದಲು ಊಹಿಸಲಿ, ಆ್ಯಪ್ ಆಮೇಲೆ.

ಹಕ್ಕಿಗೆ ಮರ್ಲಿನ್ ಆ್ಯಪ್. ಭಾರತದ ಪ್ಯಾಕನ್ನು (ಇಲ್ಲಿನ ಹಕ್ಕಿಗಳ ಮಾಹಿತಿಯ ಕಟ್ಟು) ಮನೆಯಲ್ಲೇ ಇಳಿಸಿಕೊಂಡು ಹೋಗಿ. ನೆಟ್ ಇಲ್ಲದೆಯೂ ಕೂಗು ಗುರುತಿಸುತ್ತೆ. ಬೆಳಿಗ್ಗೆ 7ರ ಸುಮಾರು ಒಳ್ಳೆಯದು, ಮಕ್ಕಳು ಒಂದು ನಿಮಿಷ ಬಾಯಿ ಮುಚ್ಚಿದರೆ (ಅದೇ ಕಷ್ಟ!). ಕಣ್ಣಾರೆ ನೋಡದ ಹೆಸರನ್ನು ಪಟ್ಟಿಗೆ ಬರೆಸಬೇಡಿ: ಕಾಜಾಣ ಬೇರೆ ಹಕ್ಕಿಗಳ ಕೂಗು ಅಣಕಿಸಿ ಆ್ಯಪನ್ನೇ ಏಮಾರಿಸಬಹುದು.