ಫೇಲಾದಾಗ ಹೋಗದ ಹೆಸರು

ಧಾರವಾಡದ ಸಪ್ತಾಪುರದ ಕೋಚಿಂಗ್ ಕೇಂದ್ರ, ಬಾಡಿಗೆ ರೂಮು, ಮೆಸ್‌ಗಳ ನಡುವೆ ವರ್ಷಗಳನ್ನು ಕಳೆದವರು ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದಾಗ ಮೊದಲು ಹೇಳುವುದು ನಿದ್ರೆ ಬರುತ್ತಿಲ್ಲವೆಂದು. ಪರೀಕ್ಷೆಯ ಮಾತು ಆಮೇಲೆ. ಈ ಯುವಕನೂ ಹಾಗೆಯೇ ಬಂದದ್ದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಆತನ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.

ವಯಸ್ಸು ಮೂವತ್ತು ದಾಟಿತ್ತು. 2021ರ ಅಕ್ಟೋಬರಿನಲ್ಲಿ ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಪರೀಕ್ಷೆ ಬರೆದಿದ್ದ. 545 ಹುದ್ದೆಗಳ ಆ ಪರೀಕ್ಷೆ ಅಕ್ರಮದಿಂದಾಗಿ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಷ್ಟು ಕಾಲ ಕಾದವನನ್ನು ಜಡ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ವ್ಯವಸ್ಥೆಯ ಪಾಲು ಎಷ್ಟೆಂದು ಮೊದಲೇ ಬಿಡಿಸಿ ಹೇಳಿದರೆ, ತಮ್ಮ ಪಾಲನ್ನು ನೋಡಿಕೊಳ್ಳಲು ಜನ ಹೆದರುವುದಿಲ್ಲ.

ಖಿನ್ನತೆ ಇದೆಯೇ ಎಂದು ತಿಳಿಯಲು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳುಹಿಸಿದೆ, ಔಷಧ ಬೇಕಾಗಲಿಲ್ಲ. ಮಲಗುವ, ಏಳುವ ಹೊತ್ತನ್ನು ಸರಿಪಡಿಸಿದೆವು. ‘ಪಾಸಾಗದಿದ್ದರೆ ನಾನು ಏನೂ ಅಲ್ಲ’ ಎಂಬ ಯೋಚನೆಯನ್ನು ಮನೋವೈದ್ಯ ಏರನ್ ಬೆಕ್ ಅವರ ಅರಿವಿನ ಚಿಕಿತ್ಸೆಯಂತೆ ಹಾಳೆಯ ಮೇಲಿಟ್ಟು ಪರಿಶೀಲಿಸಿದೆವು. ಹಾಳೆ ಸೊಗಸಾಗಿ ತುಂಬಿತು. ಉತ್ತರ ಬರೆದು ಬರೆದು ಪಳಗಿದ ಕೈ! ಬದುಕಿನಲ್ಲಿ ಮಾತ್ರ ಏನೂ ಕದಲಲಿಲ್ಲ.

ಆಗ ಗೆಸ್ಟಾಲ್ಟ್ ಎಂಬ ಚಿಕಿತ್ಸಾ ಪದ್ಧತಿಯಂತೆ, ಒಳಗಿನ ಎರಡು ದನಿಗಳು ಮಾತಾಡಲೆಂದು ಎರಡು ಕುರ್ಚಿಗಳನ್ನು ಎದುರುಬದುರು ಇಟ್ಟೆ. ಒಂದರಲ್ಲಿ ‘ಇನ್ನೊಮ್ಮೆ ಬರೆಯುತ್ತೇನೆ’ ಎನ್ನುವವನು, ಇನ್ನೊಂದರಲ್ಲಿ ‘ಸಾಕು’ ಎನ್ನುವವನು. ಮೊದಲ ಕುರ್ಚಿಯಲ್ಲಿ ಮಾತು ಸರಾಗ: ಕಟ್ ಆಫ್, ಹೊಸ ಅಧಿಸೂಚನೆ, ವಯೋಮಿತಿ. ಎರಡನೆಯದರಲ್ಲಿ ಬಹಳ ಹೊತ್ತು ಬಾಯಿ ಬಿಡಲಿಲ್ಲ. ಕಡೆಗೆ ಖಾಲಿ ಕುರ್ಚಿಯತ್ತ ನೋಡಿ, “ನೀನು ಓದುತ್ತಿಲ್ಲ. ಓದುತ್ತಿದ್ದಾನೆ ಎನ್ನಿಸಿಕೊಳ್ಳುತ್ತಿದ್ದೀಯ” ಎಂದ. ನನ್ನ ಕಡೆ ತಿರುಗಿ ಹೇಳಿದ: “ಊರಿನಲ್ಲಿ ಎಲ್ಲರೂ ಸಾಹೇಬರು ಎಂದೇ ಕರೆಯುತ್ತಾರೆ ಮೇಡಂ. ಫೇಲಾದಾಗ ಆ ಹೆಸರು ಹೋಗಲಿಲ್ಲ. ಬಿಟ್ಟು ಬಂದರೆ ಹೋಗುತ್ತದೆ.”

ಇಷ್ಟು ದಿನ ನಾವಿಬ್ಬರೂ ಸೋಲಿನ ಭಯವನ್ನು ಹುಡುಕುತ್ತಿದ್ದೆವು. ಆತನಿಗೆ ಸೋಲು ಅಭ್ಯಾಸವಾಗಿತ್ತು. ನಿಲ್ಲಿಸಿದರೆ ಮಾತ್ರ ನಷ್ಟ.

ನಾನು ಕೊಟ್ಟ ಸಲಹೆ ಇದು: ಬಿಡುವ ನಿರ್ಧಾರ ಇವತ್ತು ಬೇಡ. ಬೆಳಿಗ್ಗೆ ಓದು, ಸಂಜೆ ಸಂಬಳ ಬರುವ ಕೆಲಸ. ಯಾವ ಪರೀಕ್ಷೆ ಕೊನೆಯದೆಂದು ನೀನೇ ಗೊತ್ತುಮಾಡಿ, ಅಣ್ಣನಿಗೆ ನೀನೇ ಹೇಳು.

ಅಣ್ಣನಿಗೆ ಇದು ರುಚಿಸಲಿಲ್ಲ. “ನೀವು ಬಿಡು ಎಂದಿದ್ದರೆ ಬಿಡುತ್ತಿದ್ದ” ಎಂದು ಫೋನಿನಲ್ಲಿ ರೇಗಿದರು. ನಾನು ಒಪ್ಪುವುದಿಲ್ಲ. ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಕುಡಿತದ ಸಮಸ್ಯೆಯಿದ್ದವರ ಜೊತೆಗಿನ ಕೆಲಸದಿಂದ 1983ರಲ್ಲಿ ಮುಂದಿಟ್ಟ ವಿಧಾನ ಹೇಳುವುದೂ ಇದನ್ನೇ: ಬದಲಾಗು ಎಂದು ನಾವು ವಾದಿಸಿದಷ್ಟೂ ಎದುರಿನವರು ಬದಲಾಗದಿರಲು ಕಾರಣ ಹುಡುಕುತ್ತಾರೆ. ನಾನು ‘ಸಾಕು’ ಎಂದಿದ್ದರೆ ಆತ ಮೊದಲ ಕುರ್ಚಿಗೆ ಮರಳುತ್ತಿದ್ದ.

ಪದ್ಧತಿಗಳನ್ನು ಬೆರೆಸುವುದು ಕಲಬೆರಕೆ ಎನ್ನುವ ಸಹೋದ್ಯೋಗಿಗಳಿದ್ದಾರೆ. ಕ್ರಮ ತಪ್ಪಿದರೆ ಹೌದು. ನಿದ್ರೆಗೆಟ್ಟವನನ್ನು ಮೊದಲ ದಿನವೇ ಕುರ್ಚಿಯಲ್ಲಿ ಕೂರಿಸಿ ಅಳಿಸುವುದನ್ನು ನಾನೂ ಮಾಡುವುದಿಲ್ಲ.

ಆತ ಈಗ ಸಂಜೆ ಟ್ಯೂಷನ್‌ನಲ್ಲಿ ಗಣಿತ ಕಲಿಸುತ್ತಾನೆ. ಅಣ್ಣನಿಗೆ ಹೇಳಿಯಾಗಿದೆ, ಅವ್ವನಿಗೆ ಇನ್ನೂ ಇಲ್ಲ. ಇಂಥ ಮಕ್ಕಳಿರುವ ಮನೆಯವರು ಫೋನ್ ಮಾಡಿದಾಗ ರಿಸಲ್ಟ್ ಕೇಳುವ ಮೊದಲು ನಿದ್ರೆ, ಊಟ ವಿಚಾರಿಸಿ. ಬದುಕು ಬೇಡವೆಂಬ ಮಾತು ಬಂದರೆ ಮುಂದಿನ ಪರೀಕ್ಷೆಯವರೆಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲಿರುಳು ಯಾವಾಗಲಾದರೂ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.