ನಾನು ತಿದ್ದಿದ ಊರಿನ ಹೆಸರು ಯಾರ ಸೊತ್ತು?

ಪ್ರಶ್ನೆ: ನಾನು ಮಲ್ಲೇಶ್ವರದ ನಿವೃತ್ತ ಶಿಕ್ಷಕಿ. ಅಂತರಜಾಲದ ನಕ್ಷೆಗಳಲ್ಲಿ ಬೆಂಗಳೂರಿನ ರಸ್ತೆ, ಕೆರೆ, ಬಡಾವಣೆಗಳ ಹೆಸರನ್ನು ಕನ್ನಡದಲ್ಲಿ ಸೇರಿಸುವುದು ನನ್ನ ಹವ್ಯಾಸ. ‘ಬೊಮ್ಮನಹಲ್ಲಿ’ ಎಂದು ಯಂತ್ರ ಬರೆದಿದ್ದರೆ ‘ಬೊಮ್ಮನಹಳ್ಳಿ’ ಎಂದು ತಿದ್ದುತ್ತೇನೆ. ಸ್ವಲ್ಪ ಗೂಗಲ್ ನಕ್ಷೆಯಲ್ಲಿ, ಸ್ವಲ್ಪ ಸ್ವಯಂಸೇವಕರೇ ಸೇರಿ ಕಟ್ಟುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ. ‘ನೀನು ಬಿಟ್ಟಿ ದುಡಿ, ಕಂಪನಿಗಳು ಕಾಸು ಎಣಿಸಲಿ’ ಎಂದು ಮಗ ಹಂಗಿಸುತ್ತಾನೆ. ವ್ಯಾಪಾರ ಹೊಕ್ಕ ಮೇಲೆ, ಎಲ್ಲರೂ ಸೇರಿ ಕಟ್ಟಿ ಎಲ್ಲರೂ ಬಳಸುವ ಈ ಮುಕ್ತ ಸಂಸ್ಕೃತಿಗೆ ಉಳಿಗಾಲವಿದೆಯೇ? ನಿಲ್ಲಿಸಿಬಿಡಲೇ?

ಉತ್ತರ: ನಿಲ್ಲಿಸಬೇಡಿ. ನಿಮ್ಮ ಮಗನ ಮಾತು ಅರ್ಧ ನಿಜ. ಯಾರಾದರೂ ಕಾಸು ಮಾಡಿಕೊಳ್ಳುವುದರಿಂದ ನಿಮಗೇನೂ ನಷ್ಟವಿಲ್ಲ. ನೀವು ಕೊಟ್ಟದ್ದನ್ನು ನಾಳೆ ನಿಮಗೇ ಸಿಗದಂತೆ ಬೀಗ ಹಾಕಿದರೆ ನಷ್ಟ.

ಹಾಗೆ ಬೀಗ ಬಿದ್ದ ಉದಾಹರಣೆಗಳಿವೆ. 1990ರ ದಶಕದಲ್ಲಿ ಸಂಗೀತ ಪ್ರಿಯರು ತಮ್ಮ ಸಿ.ಡಿ.ಗಳಲ್ಲಿದ್ದ ಹಾಡುಗಳ ಹೆಸರನ್ನು ಒಂದೊಂದಾಗಿ ಬೆರಳಚ್ಚು ಮಾಡಿ ಸಿಡಿಡಿಬಿ ಎಂಬ ಸಾಮೂಹಿಕ ಪಟ್ಟಿಗೆ ಸೇರಿಸಿದರು. ಅದು ಮುಂದೆ ಗ್ರೇಸ್‌ನೋಟ್ ಎಂಬ ಕಂಪನಿಯಾಯಿತು, ಬಳಕೆಗೆ ನಿರ್ಬಂಧಗಳು ಬಂದವು. 2008ರಲ್ಲಿ ಸೋನಿ ಅದನ್ನು ಸುಮಾರು 26 ಕೋಟಿ ಡಾಲರಿಗೆ ಕೊಂಡಿತು. ಬೆರಳಚ್ಚು ಮಾಡಿದವರಿಗೆ ಬಿಡಿಗಾಸಿಲ್ಲ. ಆ ಸಿಟ್ಟಿನಲ್ಲೇ ಮ್ಯೂಸಿಕ್‌ಬ್ರೈನ್ಸ್‌ನಂಥ ಮುಕ್ತ ಪಟ್ಟಿಗಳು ಬೆಳೆದವು.

ನಕ್ಷೆಯ ಕಥೆ ನಮ್ಮೂರಿಗೆ ಇನ್ನೂ ಹತ್ತಿರ. ಬೆಂಗಳೂರಿನ ಎಂಜಿನಿಯರ್‌ಗಳು ರೂಪಿಸಿದ ಗೂಗಲ್ ಮ್ಯಾಪ್ ಮೇಕರ್ 2008ರಲ್ಲಿ ಬಂತು. ನಿಮ್ಮಂಥವರು ಗಲ್ಲಿ ಗಲ್ಲಿ ಗುರುತಿಸಿದರು. 2017ರಲ್ಲಿ ಕಂಪನಿ ಅದನ್ನು ಮುಚ್ಚಿತು. ಅವರ ಶ್ರಮ ಗೂಗಲ್ ನಕ್ಷೆಯೊಳಗೆ ಉಳಿಯಿತು ನಿಜ, ಆದರೆ ಅದನ್ನು ತೆಗೆದುಕೊಂಡು ಹೋಗಿ ಬೇರೆ ನಕ್ಷೆ ಕಟ್ಟುವ ಹಕ್ಕು ಅವರಿಗಿಲ್ಲ.

2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಹಾಗಲ್ಲ. ಇಡೀ ಭೂಮಿಯ ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಮಾರಾಟದ ಆ್ಯಪ್‌ನಲ್ಲಿಯೂ ಬಳಸಬಹುದು. ಮೆಟಾ, ಮೈಕ್ರೋಸಾಫ್ಟ್, ಅಮೆಜಾನ್ ಬಳಸುತ್ತಿವೆ, ಬಳಸಲಿ. ಷರತ್ತು ಎರಡೇ: ಮೂಲವನ್ನು ಹೆಸರಿಸಬೇಕು, ದತ್ತಾಂಶವನ್ನು ತಿದ್ದಿ ಸಾರ್ವಜನಿಕವಾಗಿ ಬಳಸಿದರೆ ತಿದ್ದಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. ವ್ಯಾಪಾರಿ ಬರಬಹುದು, ಬೇಲಿ ಹಾಕುವಂತಿಲ್ಲ.

ಕಂಪನಿಗಳ ಮೇಲಿನ ಸಿಟ್ಟಿನಲ್ಲಿ ಹಲವರು ತಮ್ಮ ಚಿತ್ರ, ಬರಹಗಳಿಗೆ ‘ವಾಣಿಜ್ಯೇತರ ಬಳಕೆಗೆ ಮಾತ್ರ’ ಎಂಬ ಕ್ರಿಯೇಟಿವ್ ಕಾಮನ್ಸ್ (ಕೃತಿಯನ್ನು ಷರತ್ತಿನೊಂದಿಗೆ ಇತರರ ಬಳಕೆಗೆ ಬಿಟ್ಟುಕೊಡುವ) ಪರವಾನಗಿ ಅಂಟಿಸುತ್ತಾರೆ. ನನಗದು ದುಡುಕು ಎನಿಸುತ್ತದೆ. ಅಂಥ ಚಿತ್ರವನ್ನು ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ಭಂಡಾರವಾದ ವಿಕಿಮೀಡಿಯ ಕಾಮನ್ಸ್ ಸ್ವೀಕರಿಸುವುದಿಲ್ಲ. ಅವೆನ್ಯೂ ರಸ್ತೆಯ ಸಣ್ಣ ಪ್ರಕಾಶಕ ಪುಸ್ತಕದಲ್ಲಿ ಅಚ್ಚು ಹಾಕುವಂತಿಲ್ಲ. ದೊಡ್ಡ ಕಂಪನಿಯಾದರೋ ಬೇರೆ ಚಿತ್ರ ಕೊಂಡುಕೊಳ್ಳುತ್ತದೆ. ಕೊಟ್ಟ ಪೆಟ್ಟು ಬಿದ್ದದ್ದು ಬಡವನಿಗೆ! ‘ಅದೇ ಷರತ್ತಿನಲ್ಲಿ ಹಂಚಿ’ ಎಂಬ ಪರವಾನಗಿ ಸಾಕು.

ನನಗೆ ನಿಜವಾದ ಚಿಂತೆ ಇರುವುದು ಬೇರೆಡೆ. ಹುಡುಕು ತಾಣವಾಗಲಿ, ಚಾಟ್‌ಬಾಟ್ ಆಗಲಿ ವಿಕಿಪೀಡಿಯದ ಸಾರವನ್ನು ತಾನೇ ಉಣಬಡಿಸಿದರೆ ಓದುಗ ಮೂಲ ಪುಟಕ್ಕೆ ಬರುವುದೇ ಇಲ್ಲ. ಬಾರದವನು ತಪ್ಪು ಕಂಡು ತಿದ್ದುವುದೂ ಇಲ್ಲ. ಮೊದಲೇ ಬೆರಳೆಣಿಕೆಯ ಸಂಪಾದಕರ ಮೇಲೆ ನಿಂತಿರುವ ಕನ್ನಡ ವಿಕಿಪೀಡಿಯಕ್ಕೆ ಇದು ದುಬಾರಿ. ದೊಡ್ಡ ಬಳಕೆದಾರರಿಗೆ ವೇಗದ ಸೇವೆಯನ್ನು ಹಣಕ್ಕೆ ಕೊಡುವ ಏರ್ಪಾಡನ್ನು ವಿಕಿಪೀಡಿಯ ನಡೆಸುವ ಸಂಸ್ಥೆ ವಿಕಿಮೀಡಿಯ 2021ರಲ್ಲಿ ಆರಂಭಿಸಿದೆ. ಲೇಖನಗಳು ಎಲ್ಲರಿಗೂ ಮುಕ್ತವಾಗಿಯೇ ಇವೆ. ಹಣದ ಪ್ರಶ್ನೆಗೆ ಅದು ಉತ್ತರ, ಕೈಗಳ ಕೊರತೆಗಲ್ಲ.

ನೀವು ಇನ್ನು ಮುಂದೆ ಮೊದಲು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬರೆಯಿರಿ. ಕನ್ನಡ ಹೆಸರಿಗೆಂದೇ ಅಲ್ಲಿ ಪ್ರತ್ಯೇಕ ಜಾಗವಿದೆ. ಸ್ವತಃ ಕಂಡು ತಿಳಿದ ಹೆಸರನ್ನು ಗೂಗಲ್‌ಗೂ ಕೊಡಬಹುದು, ಅಡ್ಡಿಯಿಲ್ಲ. ಆದರೆ ಗೂಗಲ್ ನಕ್ಷೆಯನ್ನು ನೋಡಿ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ನಕಲು ಮಾಡಬೇಡಿ. ಹಾಗೆ ಬಂದದ್ದು ಗೊತ್ತಾದರೆ ಸ್ವಯಂಸೇವಕರು ಅಳಿಸಿಹಾಕುತ್ತಾರೆ.