ಹಳ್ಳಿಕಾರ್ ಹೋರಿಗರು ಮೈ ಹಿಡೀತಿಲ್ಲ, ಈಗಲೇ ಬೀಜ ಒಡೆಸಲಾ (ಸಂತಾನಶಕ್ತಿ ತೆಗೆಸಲಾ)?

ಒಂದೇ ವಯಸ್ಸಿನ ಎರಡು ಹೋರಿಗರು, ಒಂದು ಹಳ್ಳಿಕಾರ್, ಒಂದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್, ವಿದೇಶಿ ಹಾಲಿನ ತಳಿ) ಕ್ರಾಸ್, ಒಂದೇ ಮೇವು, ಕ್ರಾಸ್ ಮಾತ್ರ ಉಬ್ಬುತ್ತಿದೆ, ಯಾವ ಫೀಡ್ ಹಾಕಲಿ, ಜೊತೆಗೊಂದು ಕಡಸೂ ಇದೆ ಅಂದಿರಲ್ವಾ? ಏಳು ವರ್ಷದ ಹಿಂದೆ ಜಗಳೂರು ಕಡೆಯ ನಮ್ಮ ಕೊಟ್ಟಿಗೆಯಲ್ಲೂ ಇದೇ ಕಥೆ.

ನಾನೂ ಮೊದಲು ತಿನಿಸಿ ನೋಡಿದೆ. ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ, ಬೇಯಿಸಿದ ಹುರುಳಿ. ಸಗಣಿ ತೆಳ್ಳಗಾಯ್ತು, ಅಷ್ಟೇ. ಆಮೇಲೆ ಪಕ್ಕದ ಹೊಲದವರು "ಬೀಜ ಒಡೆಸು ಮಾರಾಯ, ತಂಟೆ ನಿಲ್ಲುತ್ತೆ, ತಿಂದಿದ್ದೆಲ್ಲಾ ಮೈಗೆ ಹತ್ತುತ್ತೆ" ಅಂದರು. ಹತ್ತು ತಿಂಗಳಿಗೇ ಒಡೆಸಿಬಿಟ್ಟೆ.

ಅಲ್ಲೇ ಕೆಟ್ಟಿದ್ದು. ಮೈಗೆ ಹತ್ತಿದ್ದು ನಿಜ, ಆದರೆ ಕೊಬ್ಬಾಗಿ ಹತ್ತಿತು. ಖಂಡ ಕಟ್ಟುವುದು ಬೀಜದಲ್ಲಿ ಹುಟ್ಟುವ ಟೆಸ್ಟೋಸ್ಟಿರೋನ್ ಅನ್ನುವ ಹಾರ್ಮೋನು. ಅದರ ಜೋರು ಜಾಸ್ತಿ ಕಾಣುವುದು ಕುತ್ತಿಗೆ, ಭುಜದಲ್ಲಿ. ನಮ್ಮ ನಾಡದನದ ಹಿಣಿಲು (ಬೆನ್ನ ಮೇಲಿನ ಡುಬ್ಬ) ಕೂಡ ಬಹುಪಾಲು ಖಂಡವೇ, ಸುಮ್ನೆ ಕೊಬ್ಬಿನ ಗಂಟಲ್ಲ. ಬೇಗ ಒಡೆಸಿದರೆ ಕಾಲಿನ ಮೂಳೆ ಬೆಳೆಯುವುದು ನಿಲ್ಲುವುದೂ ತಡ. ನನ್ನದು ಮೂರು ವರ್ಷಕ್ಕೆ ಉದ್ದ ಕಾಲು, ಹಸುವಿನಂಥ ಕುತ್ತಿಗೆ, ಬಾಲದ ಬುಡದಲ್ಲಿ ಮೆತ್ತನೆ ಕೊಬ್ಬು ಇಟ್ಟುಕೊಂಡು ನಿಂತಿತ್ತು. ಜೋಡಿಗೆ ತಂದ ಎತ್ತು ಎರಡು ಹಲ್ಲಾದ ಮೇಲೆ, ಅಂದರೆ ಸುಮಾರು ಎರಡು ವರ್ಷಕ್ಕೆ ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದ ಮೇಲೆ ಒಡೆಸಿದ್ದು, ಅದರ ಹಿಣಿಲು ತೆಂಗಿನಕಾಯಿಯಷ್ಟು. ನೊಗ ಇಟ್ಟರೆ ನನ್ನ ಎತ್ತಿನ ಕಡೆ ಜಾರುತ್ತಿತ್ತು. ಸಂತೆಯಲ್ಲಿ ದಲ್ಲಾಳಿ ಹಲ್ಲು ನೋಡಿದ, ಹಿಣಿಲನ್ನು ಅಂಗೈಯಲ್ಲಿ ಹಿಡಿದು ಒಮ್ಮೆ ಅಲ್ಲಾಡಿಸಿದ, ರೇಟು ಮಾತಾಡೋಕೆ ಟವೆಲ್ ಕೆಳಗೆ ಕೈ ಹಾಕುವ ಮೊದಲೇ "ಎಳೇದ್ರಲ್ಲೇ ಒಡೆಸೀರಲ್ಲ ಗೌಡ್ರೆ" ಅಂದ. ರೇಟು ಆ ಮಾತಿಗೇ ಬಿತ್ತು. ಅರ್ಧಕ್ಕೆ ಕೊಟ್ಟು ಬಂದೆ.

ಹಾಗಾಗಿ "ಯಾವ ಫೀಡ್ ಹಾಕಲಿ" ಅನ್ನುವ ಪ್ರಶ್ನೆಯೇ ತಪ್ಪು. ಎಚ್‌ಎಫ್ ದೊಡ್ಡ ಮೈಯಿನ ತಳಿ, ಅದರ ಕ್ರಾಸ್ ಕರು ಬೇಗ ತೂಕ ಹಾಕುತ್ತೆ. ಹಳ್ಳಿಕಾರ್ ಬಿಗಿ ಮೈಯಿನ ದುಡಿಮೆಯ ತಳಿ, ನಿಧಾನವಾಗಿಯೇ ತುಂಬಬೇಕು. ದೊಡ್ಡವಾದ ಮೇಲೆ ಏಪ್ರಿಲ್ ಬಿಸಿಲಲ್ಲಿ ಎರಡನ್ನೂ ಕುಂಟೆಗೆ ಹೂಡಿ ನೋಡಿ, ಯಾವುದು ಮೊದಲು ನಾಲಿಗೆ ಹೊರಗೆ ಹಾಕುತ್ತೆ ಅಂತ. ನೆಟ್‌ನಲ್ಲಿ ಮೈತುಂಬ ಖಂಡ ಉಬ್ಬಿದ ಬೆಲ್ಜಿಯನ್ ಬ್ಲೂ ತಳಿಯ ಹೋರಿ ಫೋಟೋ ನೋಡಿ ಆಸೆ ಪಡುವವರೂ ಇದ್ದಾರೆ. ಖಂಡಕ್ಕೆ ಲಗಾಮು ಹಾಕುವ ಮಯೋಸ್ಟಾಟಿನ್ ಅನ್ನುವ ಜೀನ್ ಅದರಲ್ಲಿ ಕೆಟ್ಟಿದೆ, 1997ರಲ್ಲೇ ಪತ್ತೆಯಾದ ವಿಷಯ. ಹಿಂಡಿ ಹಾಕಿ ಅದನ್ನು ತರೋಕಾಗಲ್ಲ.

ನಿಮ್ಮ ಕಡಸಿನ ವಿಷಯ ಬೇರೆಯೇ. ಹೆಣ್ಣು ಬೇಗ ಕೊಬ್ಬು ಕೂಡಿಸುತ್ತೆ, ಹೋರಿಯಷ್ಟು ಖಂಡ ಬರಲ್ಲ. ಅದಕ್ಕೆ ಹೋರಿಯ ಲೆಕ್ಕ ಹಚ್ಚಬೇಡಿ.

ಜಂತುಹುಳದ ಔಷಧಿ ಹಾಕಿಸಿದ್ದೀರಾ? ಮೊದಲು ಅದು. ತಿಂಗಳಿಗೊಮ್ಮೆ ಟೇಪು ಹಿಡಿಯಿರಿ: ಎದೆಸುತ್ತು ಇಂಟು ಎದೆಸುತ್ತು ಇಂಟು ಮೈಯುದ್ದ, ಎಲ್ಲಾ ಇಂಚಿನಲ್ಲಿ, 660ರಿಂದ ಭಾಗಿಸಿದರೆ ಹೆಚ್ಚುಕಮ್ಮಿ ಕೆಜಿ ಸಿಗುತ್ತೆ. ಪಕ್ಕದ ಕ್ರಾಸ್ ಬಿಟ್ಟು, ಅದರದೇ ಹೋದ ತಿಂಗಳ ತೂಕಕ್ಕೆ ಹೋಲಿಸಿ. ಎರಡು ಹಲ್ಲು ಬರಲಿ, ಆಮೇಲೆ ಡಾಕ್ಟರ್ ಕೈಯಲ್ಲೇ ಒಡೆಸಿ.

ತಂಟೆ ತಡೆಯೋದು ಕಷ್ಟ, ಗೊತ್ತು. ಈಗಿರುವ ನನ್ನ ಹೋರಿಗೆ ಒಂದೂವರೆ ವರ್ಷ, ಹೋದ ವಾರ ಗೂಟ ಕಿತ್ತುಕೊಂಡು ಪಕ್ಕದವರ ಜೋಳಕ್ಕೆ ನುಗ್ಗಿತ್ತು. ಬೀಜ ಒಡೆಸು ಅಂದಿದ್ದರಲ್ಲ, ಅವರದೇ ಹೊಲ.